ದಾನವೂ ವಿವೇಚನೆಯೂ
(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದಾನಧರ್ಮವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಹಿರಿಯರು ಅಪ್ಪಣೆ ಕೊಟ್ಟಿದ್ದಾರೆ. ದಾನ ಮಾಡಿರೆಂದು ತಮಗೆ ಬೋಧಿಸುವ ಅಗತ್ಯವಿಲ್ಲ. ತಮ್ಮ ಹಿರಿಯರು ಕೂಲಿಯ ದುಡ್ಡಿನಲ್ಲಿಯೂ ಕಾಣಿಕೆಯ ಪಾಲನ್ನು ತೆಗೆದಿಟ್ಟವರು. ಆದರೆ ಯಾರಿಗೆ ಕೊಡಬೇಕು, ಕೊಡುವ ಮುನ್ನ ಏನನ್ನು ವಿಚಾರಿಸಬೇಕು ಎಂಬಲ್ಲಿ ನಾವು ಸಂಕೋಚಪಡುತ್ತೇವೆ. ಆ ಸಂಕೋಚವು ಸಲ್ಲದೆಂಬುದೇ ನನ್ನ ಇಂದಿನ ವಿಷಯ.

ನಮಗೆ ವರ್ಷದ ಕೊನೆ ಎರಡು ಸಲ ಬರುತ್ತದೆ. ಡಿಸೆಂಬರಿನಲ್ಲಿ ಕ್ರಿಸ್ತಜಯಂತಿಯೊಡನೆ ಒಂದು. ಮಾರ್ಚ್ 31ರಂದು ಲೆಕ್ಕಪತ್ರದ ವರ್ಷ ಮುಗಿಯುವಾಗ ಇನ್ನೊಂದು. ಇವೆರಡರ ನಡುವಣ ತಿಂಗಳುಗಳಲ್ಲಿ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲಗಳು ತುಂಬುವಂತೆ ನಮ್ಮ ಮನೆಗಳಲ್ಲಿ ಮನವಿಪತ್ರಗಳೂ ಫೋನಿನ ಸಂದೇಶಗಳೂ ತುಂಬುತ್ತವೆ. ಪ್ರತಿಯೊಂದರಲ್ಲಿಯೂ ಅಳುವ ಮಗುವಿನ ಚಿತ್ರವಿರುತ್ತದೆ. ಕೆಲವರು ಕಣ್ಣು ಮುಚ್ಚಿ ಎಲ್ಲರಿಗೂ ಚೂರುಚೂರು ಕೊಡುತ್ತಾರೆ. ಒಮ್ಮೆ ಮೋಸಹೋದವರು ಯಾರಿಗೂ ಕೊಡುವುದಿಲ್ಲ. ಎರಡು ರೀತಿಯಲ್ಲಿಯೂ ನಷ್ಟವಾಗುವುದು ಬಡವನಿಗೇ.

ಪ್ರಭು ಯೇಸುಸ್ವಾಮಿಯು ದಾನವನ್ನು ಗುಟ್ಟಾಗಿ ಮಾಡಬೇಕೆಂದು ಬೋಧಿಸಿದರು. ಈ ಮಾತನ್ನು ಮುಂದೊಡ್ಡಿ, ಕೊಟ್ಟಮೇಲೆ ಲೆಕ್ಕ ಕೇಳಬಾರದೆನ್ನುವವರಿದ್ದಾರೆ. ಆದರೆ ಆ ಗುಟ್ಟು ಕೊಡುವವನ ಡಂಬಾಚಾರಕ್ಕೆ ಹಾಕಿದ ಕಡಿವಾಣವೇ ಹೊರತು, ಪಡೆಯುವ ಸಂಸ್ಥೆಗೆ ಕೊಟ್ಟ ರಿಯಾಯಿತಿಯಲ್ಲ. ಜೆರುಸಲೇಮಿನ ಬಡ ಭಕ್ತರಿಗಾಗಿ ಸಂತ ಪೌಲರು ಹಣ ಸಂಗ್ರಹಿಸಿದಾಗ, ಯಾರೂ ಬೆರಳು ತೋರಿಸಬಾರದೆಂದು, ಸಭೆಗಳು ಆರಿಸಿದ ಸಂಗಡಿಗರನ್ನು ಜೊತೆಗೆ ಸೇರಿಸಿಕೊಂಡುದನ್ನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಕಾಣುತ್ತೇವೆ. ನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ಅನ್ಯಾಯವಾಗುತ್ತಿದೆಯೆಂಬ ದೂರು ಬಂದಾಗ ಪ್ರೇಷಿತರು ಸಿಟ್ಟಾಗಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಭಕ್ತರಿಂದಲೇ ಆರಿಸಿಸಿ ಆ ಕೆಲಸಕ್ಕೆ ನೇಮಿಸಿದರು. ಪ್ರೇಷಿತರ ಕಾಲದಲ್ಲಿಯೇ ಲೆಕ್ಕ ಕೇಳುವುದು ಅವಿಶ್ವಾಸದ ಗುರುತಾಗಿರಲಿಲ್ಲವೆಂದ ಮೇಲೆ ನಮ್ಮ ಕಾಲದಲ್ಲಿ ಏಕೆ ಆಗಬೇಕು?

ಹಾಗಾದರೆ ಪರೀಕ್ಷಿಸುವುದು ಹೇಗೆ? ಅದನ್ನು ನಮ್ಮ ಸೀಮೆಯ ರೈತರಿಂದಲೂ ವ್ಯಾಪಾರಿಗಳಿಂದಲೂ ಕಲಿಯಬಹುದು. ರಾಣೆಬೆನ್ನೂರಿನಲ್ಲಿ ಬೀಜ ಕೊಳ್ಳುವ ರೈತನು ಚೀಲದ ಮೇಲೆ ಪ್ರಮಾಣಿತ ಬೀಜದ ನೀಲಿ ಚೀಟಿಯಿದೆಯೇ ಎಂದು ಮೊದಲು ನೋಡುತ್ತಾನೆ. ಸಂಸ್ಥೆಗೂ ಅಂತಹ ಚೀಟಿಗಳಿವೆ. ಅದು ಸಂಘವಾಗಿಯೋ ಟ್ರಸ್ಟಾಗಿಯೋ ನೋಂದಣಿಯಾಗಿದೆಯೇ? ಲೆಕ್ಕಪರಿಶೋಧಕರು ಸಹಿಮಾಡಿದ ಕಳೆದ ವರ್ಷದ ಲೆಕ್ಕವನ್ನು ಕೇಳಿದರೆ ತೋರಿಸುತ್ತಾರೆಯೇ? 80ಜಿ ಎಂದು ಜನರಿಗೆ ಪರಿಚಿತವಾದ ತೆರಿಗೆ ವಿನಾಯಿತಿಯ ಮಾನ್ಯತೆಯಿದೆಯೇ? ರಸೀತಿ ಕೊಡುತ್ತಾರೆಯೇ? ಮಕ್ಕಳ ಪಾಲನಾಗೃಹವಾದರೆ, 2015ರ ಬಾಲನ್ಯಾಯ ಕಾಯ್ದೆಯಂತೆ ನೋಂದಣಿ ಕಡ್ಡಾಯವಾಗಿದೆ; ಅದನ್ನು ಅವಶ್ಯವಾಗಿ ಕೇಳಿರಿ. ಅಲ್ಲಿರುವ ಮಕ್ಕಳಲ್ಲಿ ತಂದೆತಾಯಿ ಬದುಕಿರುವವರು ಎಷ್ಟು ಮಂದಿ, ಅವರನ್ನು ಮನೆ ಸೇರಿಸಲು ಏನು ಪ್ರಯತ್ನ ನಡೆದಿದೆ ಎಂಬುದನ್ನೂ ಕೇಳಿರಿ. ಬಡತನವೊಂದೇ ಕಾರಣವಾಗಿ ಮಗುವು ತಾಯಿಯಿಂದ ದೂರವಿರಬೇಕಾದರೆ, ಆ ತಾಯಿಗೆ ನೆರವಾಗುವುದೇ ಹೆಚ್ಚಿನ ಧರ್ಮ.

ಆದರೆ ಚೀಟಿಯಿದ್ದ ಮಾತ್ರಕ್ಕೆ ಬೆಳೆ ಬಾರದು. ಬ್ಯಾಡಗಿಯ ಜಾಣ ವ್ಯಾಪಾರಿಯು ಮೇಲಿನ ಕೆಂಪನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಕೈಯನ್ನು ಒಳಗಿಟ್ಟು ತಳದ ಕಾಯಿಯನ್ನು ತೆಗೆದು, ತೇವವಿದೆಯೇ ಎಂದು ಹಿಚುಕಿ ನೋಡುತ್ತಾನೆ. ಹಾಗೆಯೇ ನಾವೂ ಒಮ್ಮೆ ಆ ಸಂಸ್ಥೆಯಿರುವಲ್ಲಿಗೆ ಹೋಗಬೇಕು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ವಿದ್ಯಾರ್ಥಿಯೂ ಅವರ ಗೆಳೆಯರೂ ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯು ಬಡವರ ಮನೆಗೆ ಹೋಗಿ ಕಾಣುವುದನ್ನೇ ತನ್ನ ಮುಖ್ಯ ಕೆಲಸವಾಗಿ ಇಟ್ಟುಕೊಂಡಿತು. ಕಚೇರಿಯಲ್ಲಿ ಕುಳಿತವರನ್ನಷ್ಟೇ ಕೇಳಿ ಹಿಂದಿರುಗಬಾರದು. ನೆರವು ಪಡೆದವರನ್ನು ಕೇಳಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಆಡಳಿತಕ್ಕೆ ಒಂದು ಕಾಸೂ ಖರ್ಚಿಲ್ಲವೆನ್ನುವ ಸಂಸ್ಥೆಯೇ ಶ್ರೇಷ್ಠವೆಂದು ಭಾವಿಸಬೇಡಿರಿ. ಶಿಕ್ಷಕಿಗೆ ಸಂಬಳ ಬೇಕು, ದಾದಿಗೆ ಬಸ್ಸಿನ ವೆಚ್ಚ ಬೇಕು, ಲೆಕ್ಕ ಬರೆಯುವವನಿಗೂ ಅನ್ನ ಬೇಕು. ಖರ್ಚು ಎಷ್ಟೆಂಬುದಕ್ಕಿಂತ ಅದರಿಂದ ಏನಾಯಿತೆಂಬುದೇ ಮುಖ್ಯ.

ಏನಾಯಿತೆಂದು ನೋಡುವುದಕ್ಕೆ ನಮ್ಮ ನೆಲದಲ್ಲಿಯೇ ಒಂದು ನಿದರ್ಶನವಿದೆ. ಅಮೆರಿಕದ ಶಿಕಾಗೋದಲ್ಲಿ ನೆಲೆಸಿದ್ದ ಭಾರತೀಯರು 1974ರಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರಲ್ಲೊಬ್ಬರಾದ ಶ್ರೀ ಎಸ್. ಆರ್. ಹಿರೇಮಠರು ಹಣ ಕಳುಹಿಸುವುದಷ್ಟಕ್ಕೇ ತೃಪ್ತರಾಗದೆ 1979ರಲ್ಲಿ ಸ್ವದೇಶಕ್ಕೆ ಮರಳಿ, ಪತ್ನಿ ಮೇವಿಸ್ ಅವರೊಡನೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಸುತ್ತಣ ಹಳ್ಳಿಗಳಲ್ಲಿ ಕೆಲಸಕ್ಕೆ ನಿಂತರು. 1984ರಲ್ಲಿ ಸಮಾಜ ಪರಿವರ್ತನ ಸಮುದಾಯವು ಹುಟ್ಟಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಹಳ್ಳಿಯ ಜನರು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಸಿ, ತಮ್ಮ ಊರಿನ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. ಆ ಹೋರಾಟವನ್ನು ಕುರಿತು ಯಾರ ಅಭಿಪ್ರಾಯವು ಏನೇ ಇರಲಿ, ಕೈಯೊಡ್ಡುವುದಕ್ಕೆ ಬದಲು ತಮ್ಮ ಹಕ್ಕನ್ನು ತಾವೇ ಕೇಳುವ ಜನರು ಅಲ್ಲಿ ಎದ್ದುನಿಂತರು. ನೆರವು ಪಡೆದವರು ಪ್ರತಿವರ್ಷವೂ ಅದೇ ಬಾಗಿಲಲ್ಲಿ ನಿಲ್ಲುವಂತೆ ಮಾಡುವ ಸಂಸ್ಥೆ ಯಾವುದು, ಅವರು ತಮ್ಮ ಕಾಲಿನ ಮೇಲೆ ನಿಲ್ಲುವಂತೆ ಮಾಡುವ ಸಂಸ್ಥೆ ಯಾವುದು ಎಂಬುದನ್ನು ನಾವು ವಿವೇಚಿಸಬೇಕು.

ಇನ್ನೊಂದು ಮಾತನ್ನು ಹೇಳದಿದ್ದರೆ ನನ್ನ ಕರ್ತವ್ಯಕ್ಕೆ ಲೋಪವಾದೀತು. ಪರರ ಸಂಸ್ಥೆಗಳನ್ನು ಅಳೆಯುವ ಕೋಲಿನಿಂದಲೇ ನಮ್ಮವನ್ನೂ ಅಳೆಯಬೇಕು. ಸಂಸ್ಥೆಯ ಹೆಸರಿನ ಮುಂದೆ ಸಂತರ ಹೆಸರಿದ್ದ ಮಾತ್ರಕ್ಕೆ ಲೆಕ್ಕಪುಸ್ತಕವು ಪವಿತ್ರವಾಗುವುದಿಲ್ಲ. ಧರ್ಮಕೇಂದ್ರದ ಕಾಣಿಕೆಯ ವರಮಾನವನ್ನೂ ವೆಚ್ಚವನ್ನೂ ದೇವಾಲಯದ ಬಾಗಿಲ ಫಲಕದಲ್ಲಿ ಬರೆದು ಹಾಕಿದರೆ ಕಾಣಿಕೆ ಕಡಿಮೆಯಾಗದು, ಹೆಚ್ಚೀತು. ಹಾಗೆಯೇ ಒಳ್ಳೆಯ ಕೆಲಸವು ಅನ್ಯಧರ್ಮೀಯರ ಕೈಯಿಂದ ನಡೆಯುತ್ತಿದ್ದರೂ ನಮ್ಮ ಕಾಣಿಕೆ ಅಲ್ಲಿಗೆ ಹೋಗಲು ಹಿಂಜರಿಯಬಾರದು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದವನು ಸಮಾರಿಯದವನೆಂಬುದನ್ನು ಮರೆಯಲಾದೀತೇ?

ಕೊನೆಯದಾಗಿ ನನ್ನ ವಿನಂತಿ ಇಷ್ಟೇ. ಹತ್ತು ಕಡೆ ಚೆಲ್ಲುವ ಬದಲು, ಪ್ರತಿಯೊಂದು ಕುಟುಂಬವೂ ಎರಡು ಅಥವಾ ಮೂರು ಸಂಸ್ಥೆಗಳನ್ನು ಆರಿಸಿಕೊಳ್ಳಲಿ. ಒಂದಾದರೂ ಹಾವೇರಿ ಜಿಲ್ಲೆಯೊಳಗೆ, ನಮ್ಮ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿರಲಿ. ಮನೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ದು ತೋರಿಸಿರಿ. ಒಂದು ವರ್ಷ ಕೊಟ್ಟು ಮರೆಯದೆ, ಅನುಕೂಲವಿದ್ದಷ್ಟನ್ನು ವರ್ಷವರ್ಷವೂ ಕೊಡಿರಿ. ಹಾಗೆ ಕೊಟ್ಟರೆ ಆ ಸಂಸ್ಥೆಯು ಮುಂದಿನ ವರ್ಷದ ಕೆಲಸವನ್ನು ಧೈರ್ಯದಿಂದ ಯೋಜಿಸಬಲ್ಲದು. ದೊಡ್ಡ ಮೊತ್ತವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕ ಸಲ್ಲಿಸಿರಿ. ವಿಚಾರಿಸಿ ಕೊಡುವುದು ಜಿಪುಣತನವಲ್ಲ. ಬಡವನ ಪಾಲು ಬಡವನಿಗೇ ತಲುಪಲೆಂಬ ಕಾಳಜಿಯು ದಾನದ ಅರ್ಧಭಾಗವೇ ಆಗಿದೆ.