ಶೇರು ವ್ಯವಹಾರ ಮತ್ತು ನಮ್ಮ ಒಡವೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ನಾನು ಬೆಂಗಳೂರಿನಲ್ಲಿ ಶೇರು ಕೊಂಡು ಮಾರುವ ಒಂದು ಕಂಪೆನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಂಪ್ಯೂಟರಿಗೆ ವ್ಯಾಪಾರ ಕಲಿಸುವುದು ನನ್ನ ಕೆಲಸ ಎನ್ನಿ. ಹಿಂದೆ ದಲ್ಲಾಳಿಗಳು ಮುಂಬಯಿಯಲ್ಲಿ ಒಂದೆಡೆ ಸೇರಿ ಕೂಗಿ ಕೂಗಿ ವ್ಯಾಪಾರ ಮಾಡುತ್ತಿದ್ದರು. 1994ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಅದನ್ನು ಕಂಪ್ಯೂಟರ್ ಪರದೆಗೆ ತಂದಿತು. ಈಗ ನಾವು ಬರೆದ ಪ್ರೋಗ್ರಾಂಗಳೇ ರೆಪ್ಪೆ ಬಡಿಯುವುದರೊಳಗೆ ಬೆಲೆ ನೋಡಿ ಆರ್ಡರ್ ಹಾಕುತ್ತವೆ.

ಇದರಲ್ಲಿ ಅಪಾಯವಿಲ್ಲವೇ? ಇದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಕಂಪೆನಿ ಎಂಟು ಕಂಪ್ಯೂಟರುಗಳಲ್ಲಿ ಒಂದಕ್ಕೆ ಹೊಸ ಪ್ರೋಗ್ರಾಂ ಹಾಕಲು ಮರೆತಿತ್ತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. ಅದಕ್ಕೇ ನಾನು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ನಷ್ಟಕ್ಕೆ ಮಿತಿ ಇದೆ. ಮಿತಿ ಮೀರಿದರೆ ಯಂತ್ರ ನಿಲ್ಲುತ್ತದೆ.

ಮನೆಯಲ್ಲಿ ಈ ಮಿತಿ ಹಾಕುವವರು ಯಾರು?

ನನ್ನ ತಂಗಿಯ ಗಂಡ ಮೊಬೈಲಿನಲ್ಲಿ ಆಪ್ಷನ್ ವ್ಯವಹಾರಕ್ಕೆ ಬಿದ್ದರು. ಮೊದಲು ಸಂಬಳ ಹೋಯಿತು. ಆಮೇಲೆ ತಂಗಿಯ ಸರ, ಬಳೆ ಅಡವಿಗೆ ಹೋದವು. ಆಮೇಲೆ 'ತವರಿನಿಂದ ತಾ' ಎಂಬ ಮಾತು, ಅದರ ಹಿಂದೆಯೇ ಹೊಡೆತ. ಒಂದು ರಾತ್ರಿ ಅವಳು ಫೋನ್ ಮಾಡಿ, "ಅಕ್ಕಾ, ನೀನು ಅದೇ ಕೆಲಸದಲ್ಲಿದ್ದೀಯ. ಗೆಲ್ಲುವ ದಾರಿ ಹೇಳಿಕೊಡು, ಹೊಡೆಯುವುದು ನಿಲ್ಲುತ್ತದೆ" ಎಂದಳು. ನನ್ನ ಬಾಯಿ ಕಟ್ಟಿಹೋಯಿತು.

ಏಕೆಂದರೆ ಲೆಕ್ಕ ನನಗೆ ಗೊತ್ತು. 2024ರಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಈ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಜನ ಸೋತರು. ಒಬ್ಬೊಬ್ಬರ ನಷ್ಟ ಸರಾಸರಿ 2 ಲಕ್ಷ ರೂಪಾಯಿ. ಗೆದ್ದ ದೊಡ್ಡ ಕಂಪೆನಿಗಳ ಲಾಭದ ಬಹುಪಾಲು ಬಂದದ್ದು ನಾನು ಬರೆಯುವಂಥ ಪ್ರೋಗ್ರಾಂಗಳಿಂದ. ನನ್ನ ಸಂಬಳ ಯಾವ ಕಡೆಯಿಂದ ಬರುತ್ತದೆ ಎಂದು ನಿಮ್ಮ ಮುಂದೆ ಮುಚ್ಚಿಡಲಾರೆ.

ಆದರೆ ಒಂದು ಮಾತು. ದುಡ್ಡು ಸೋತವರೆಲ್ಲ ಹೆಂಡತಿಗೆ ಹೊಡೆಯುವುದಿಲ್ಲ. ಹೊಡೆದರೂ ಕೇಳುವವರಿಲ್ಲ ಎಂಬ ಧೈರ್ಯ ಇದ್ದವನು ಹೊಡೆಯುತ್ತಾನೆ. ಆದ್ದರಿಂದ ಕೇಳುವವರು ನಾವಾಗಬೇಕು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಹೇಳುತ್ತದೆ. ನಮ್ಮ ಸ್ತ್ರೀಧನ ಕಿತ್ತು ಮಾರುವುದು ಅದರಲ್ಲಿ ಸೇರಿದೆ. ಅದನ್ನು ಹಿಂದಿರುಗಿಸುವಂತೆ ನ್ಯಾಯಾಲಯ ಆದೇಶಿಸಬಹುದು. ತವರಿನಿಂದ ಹಣ ತರುವಂತೆ ಪೀಡಿಸುವುದು ಅಪರಾಧ. ಹಿಂದೆ ಅದು 498ಎ ಕಲಂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಂ. ಸಹಾಯಕ್ಕೆ 181ಕ್ಕೆ ಫೋನ್ ಮಾಡಬಹುದು.

ತಂಗಿ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟಳು. ಬಳೆ ಇನ್ನೂ ಬಂದಿಲ್ಲ, ಹೊಡೆತ ನಿಂತಿದೆ. ಈಗ ಹೊಲಿಗೆ ಮಾಡಿ ಸಂಘದಲ್ಲಿ ಉಳಿತಾಯ ಕಟ್ಟುತ್ತಾಳೆ. ಪಾಸ್‌ಬುಕ್ ಅವಳ ಕೈಯಲ್ಲೇ ಇದೆ.

ನಿಮ್ಮ ಒಡವೆಗಳ ಪಟ್ಟಿ ಬರೆದಿಡಿ. ಅಡವಿನ ಚೀಟಿ ನಿಮ್ಮ ಬಳಿ ಇರಲಿ. ಸಂಘದಲ್ಲಿ ಯಾರಾದರೂ ದಿಢೀರನೆ ದೊಡ್ಡ ಸಾಲ ಕೇಳಿದರೆ, ಇಲ್ಲ ಎನ್ನುವ ಮೊದಲು ಪಕ್ಕದಲ್ಲಿ ಕೂತು ಕೇಳಿ: "ಮನೆಯಲ್ಲಿ ಏನಾಗಿದೆ, ತಾಯಿ?"