ಮನೆಯ ಜನರೇಟರು ಮತ್ತು ಕಂಬದ ಮೇಲಿನ ಕೆಲಸಗಾರ



ಮುಂಗಾರು ಬಲಿತ ಆಷಾಢ ಶ್ರಾವಣಗಳಲ್ಲಿ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಗಳ ಕಡೆಯ ಒಂಟಿಮನೆಗಳಿಗೂ ಕೊಡಗಿನ ಕಾಫಿತೋಟಗಳ ನಡುವಣ ಬಂಗಲೆಗಳಿಗೂ ಒಮ್ಮೆ ಕರೆಂಟು ಹೋಯಿತೆಂದರೆ, ಅದು ಮರಳಿ ಬರುವುದು ಆ ಸಂಜೆಗೋ, ಮರುದಿನಕ್ಕೋ, ಮುಂದಿನ ವಾರಕ್ಕೋ ಎಂಬುದನ್ನು ನಿಶ್ಚಯವಾಗಿ ನುಡಿಯಬಲ್ಲವರು ಯಾರೂ ಇಲ್ಲ. ಗಾಳಿಗೆ ಮುರಿದ ಒಂದು ಸಿಲ್ವರ್ ಮರ ತಂತಿಯ ಮೇಲೆ ಒರಗಿದರೂ ಸಾಕು, ನಾಲ್ಕಾರು ಊರುಗಳು ಕತ್ತಲೆಯಲ್ಲಿ ಮುಳುಗುತ್ತವೆ. ಆ ಮರವನ್ನು ಕಡಿದು, ತುಂಡಾದ ತಂತಿಯನ್ನು ಕೂಡಿಸಲು ಲೈನ್‌ಮನ್ನರು ಜಾರುವ ಕೆಸರಿನಲ್ಲಿ ಏಣಿ ಹೊತ್ತು ನಡೆದೇ ಬರಬೇಕು. ಇಂಥ ಪ್ರಾಂತಗಳ ಗೃಹಸ್ಥರು, ಮನೆಯಲ್ಲಿರುವ ವೃದ್ಧರನ್ನೂ ರೋಗಿಗಳನ್ನೂ ಓದುವ ಮಕ್ಕಳನ್ನೂ ನೆನೆದು, ಪೆಟ್ರೋಲಿನಿಂದಲೋ ಡೀಸೆಲ್ಲಿನಿಂದಲೋ ನಡೆಯುವ ಒಂದು ಜನರೇಟರನ್ನು ಕೊಂಡು ತಂದರೆ ಅದನ್ನು ವಿಲಾಸವೆಂದು ಹೇಳಲಾಗದು. ಆದರೆ ಯಂತ್ರವನ್ನು ಕೊಳ್ಳುವಾಗ ತೋರುವ ವಿವೇಚನೆಯ ಹತ್ತರಲ್ಲೊಂದು ಪಾಲೂ ಅದನ್ನು ಮನೆಯ ವೈರಿಂಗಿಗೆ ಕೂಡಿಸುವ ವೇಳೆಗೆ ಉಳಿದಿರುವುದಿಲ್ಲ. ಇಂದಿನ ಭಾಷಣದ ವಿಷಯ ಆ ಕೂಡಿಸುವ ಕ್ರಮವೇ.

ಹಲವು ಮನೆಗಳಲ್ಲಿ ರೂಢಿಯಾಗಿಬಿಟ್ಟಿರುವ ಉಪಾಯವೊಂದುಂಟು. ಒಂದು ವೈರಿನ ಎರಡು ತುದಿಗಳಿಗೂ ಪ್ಲಗ್ಗು ಕಟ್ಟಿ, ಒಂದನ್ನು ಜನರೇಟರಿನ ಸಾಕೆಟ್ಟಿಗೂ ಮತ್ತೊಂದನ್ನು ಹಜಾರದ ಗೋಡೆಯ ಪವರ್ ಸಾಕೆಟ್ಟಿಗೂ ಚುಚ್ಚಿಬಿಟ್ಟರೆ, ಮನೆಯ ದೀಪಗಳೆಲ್ಲ ಒಮ್ಮೆಗೇ ಬೆಳಗುತ್ತವೆ. ಖರ್ಚು ಅಲ್ಪ, ಶ್ರಮ ಇನ್ನೂ ಅಲ್ಪ; ಆದರೆ ಇದಕ್ಕಿಂತ ಘೋರವಾದ ಕ್ರಮ ಮತ್ತೊಂದಿಲ್ಲ. ಗೋಡೆಯ ಕಡೆಯ ಪ್ಲಗ್ಗು ಯಾರದೋ ಕಾಲಿಗೆ ತೊಡರಿ ಕಳಚಿಬಿದ್ದರೆ, 230 ವೋಲ್ಟ್ ವಿದ್ಯುತ್ತನ್ನು ಹೊತ್ತ ಹಿತ್ತಾಳೆಯ ಪಿನ್ನುಗಳು ಬರಿದಾಗಿ ನೆಲದ ಮೇಲೆ ಬಿದ್ದಿರುತ್ತವೆ. ಕತ್ತಲೆಯಲ್ಲಿ ಅವುಗಳ ಮೇಲೆ ಮಗುವಿನ ಕೈ ಬೀಳುವುದಕ್ಕೆ ಅರೆನಿಮಿಷ ಸಾಕು. ಇದು ಮನೆಯೊಳಗಿನ ಅಪಾಯ. ಮನೆಯ ಹೊರಗಿನದು ಇದಕ್ಕಿಂತ ದೊಡ್ಡದು, ಮತ್ತು ಕಣ್ಣಿಗೆ ಕಾಣದಂಥದು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿದ ಕಾಲದಿಂದಲೂ, ವಿದ್ಯುತ್ತು ಉತ್ಪತ್ತಿಸ್ಥಾನದಿಂದ ಬಳಕೆದಾರನ ಕಡೆಗೆ ಹರಿಯತಕ್ಕದ್ದೆಂಬ ಭಾವನೆ ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿದೆ. ಆದರೆ ತಂತಿಗೆ ದಿಕ್ಕಿನ ಭೇದವಿಲ್ಲ. ಮನೆಯ ಮೈನ್ ಸ್ವಿಚ್ಚನ್ನು ಆರಿಸದೆ ಬಿಟ್ಟಿದ್ದರೆ, ಜನರೇಟರಿನ ವಿದ್ಯುತ್ತು ಮೀಟರನ್ನು ದಾಟಿ, ಸರ್ವೀಸ್ ವೈರಿನ ಮೂಲಕ ಕಂಬಕ್ಕೇರಿ, ಹಳ್ಳಿಯ ಜನ ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನವರೆಗೂ ಹಿಂದಕ್ಕೆ ನಡೆದುಹೋಗುತ್ತದೆ. ಟ್ರಾನ್ಸ್‌ಫಾರ್ಮರಾದರೋ ಎರಡು ಕಡೆಗೂ ಸಮಾನವಾಗಿ ಕೆಲಸ ಮಾಡುವ ಸಾಧನ. 11,000 ವೋಲ್ಟನ್ನು ಇಳಿಸಿ ಮನೆಗೆ ಕಳುಹಿಸುವ ಅದೇ ಸುರುಳಿಗಳು, ಮನೆಯ ಕಡೆಯಿಂದ 230 ವೋಲ್ಟ್ ಬಂದಾಗ ಅದನ್ನು ಅದೇ ಪ್ರಮಾಣದಲ್ಲಿ ಏರಿಸಿ, ಮೇಲಿನ ಲೈನಿನ ತಂತಿಗಳ ನಡುವೆ ಸುಮಾರು 10,000 ವೋಲ್ಟನ್ನು ನಿಲ್ಲಿಸುತ್ತವೆ.

ಆ ಲೈನಿನ ಮೇಲೆ ಆಗ ಯಾರಿರುತ್ತಾರೆಂಬುದನ್ನು ಯೋಚಿಸಬೇಕು. ಸಬ್‌ಸ್ಟೇಷನ್ನಿಗೆ ತಿಳಿಸಿ ಲೈನ್ ಕ್ಲಿಯರ್ ಪಡೆದು, ಕಂಬದ ಸ್ವಿಚ್ಚನ್ನು ತೆರೆದು, ಸುರಿಯುವ ಮಳೆಯಲ್ಲಿ ಕಂಬವೇರಿರುವ ಲೈನ್‌ಮನ್ನನೇ ಅಲ್ಲಿರುತ್ತಾನೆ. ಕೆಲಸಕ್ಕೆ ಮೊದಲು ತಂತಿಗಳಿಗೆ ಅರ್ಥ್ ರಾಡನ್ನು ತಗುಲಿಸಿ, ಅವು ನಿರ್ಜೀವವಾಗಿವೆಯೆಂದು ಖಚಿತಪಡಿಸಿಕೊಳ್ಳುವುದು ಆತನ ವೃತ್ತಿಧರ್ಮ, ಮತ್ತು ಅನೇಕರು ಅದನ್ನು ನಿಷ್ಠೆಯಿಂದ ಪಾಲಿಸುತ್ತಾರೆ. ಆದರೆ ಹಿಂದಿನ ರಾತ್ರಿಯಿಂದ ನಿದ್ರೆಯಿಲ್ಲದೆ, ಐದನೆಯ ಕಂಬದಿಂದಿಳಿದು ಆರನೆಯದನ್ನೇರುವ ಮನುಷ್ಯನ ಎಚ್ಚರವನ್ನೇ ನಮ್ಮ ಸುರಕ್ಷತೆಯ ಕಡೆಯ ಆಧಾರವಾಗಿ ಇಟ್ಟುಕೊಳ್ಳುವುದು ನ್ಯಾಯವಲ್ಲ. ಆತನು ಏರಿರುವುದು ನಮ್ಮ ಮನೆಗೆ ಬೆಳಕನ್ನು ಮರಳಿ ತರಲೆಂದು. ಆತನನ್ನು ಕೊಲ್ಲುವ ವಿದ್ಯುತ್ತು ಹೊರಡುವುದೂ ನಮ್ಮ ಮನೆಯಿಂದಲೇ ಆಗಬಾರದು.

ಇಲ್ಲಿ ಒಂದು ಆಕ್ಷೇಪ ಬರುವುದುಂಟು. ಎರಡು ಮೂರು ಕೆ.ವಿ.ಎ. ಸಾಮರ್ಥ್ಯದ ಪುಟ್ಟ ಯಂತ್ರ ಇಡೀ ಊರಿನ ದೀಪಗಳ ಭಾರವನ್ನು ಹೊತ್ತೀತೆ, ಲೈನಿಗೆ ತಗುಲಿದೊಡನೆಯೇ ಬ್ರೇಕರ್ ಬಿದ್ದು ನಿಂತುಬಿಡುವುದಿಲ್ಲವೆ ಎಂದು ಕೇಳುತ್ತಾರೆ. ಊರಿನ ಭಾರವೆಲ್ಲ ಅದರ ಮೇಲೆ ಬಿದ್ದರೆ ನಿಲ್ಲುತ್ತದೆ, ನಿಜ. ಆದರೆ ತಂತಿ ತುಂಡಾಗಿರುವುದು ನಮ್ಮ ಮನೆಗೆ ಒಂದೆರಡು ಕಂಬಗಳಾಚೆಯೇ ಆಗಿದ್ದರೆ, ಅಥವಾ ತೋಟದ ಒಂಟಿಮನೆಗೆಂದೇ ಒಂದು ಟಿ.ಸಿ. ನಿಂತಿದ್ದರೆ, ಹೊರಬೇಕಾದ ಭಾರ ಅಲ್ಲಿ ಏನೂ ಇರುವುದಿಲ್ಲ. ಜನರೇಟರು ಸದ್ದಿನಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲದೆ ನಡೆಯುತ್ತಲೇ ಇರುತ್ತದೆ, ತಂತಿಯೂ ಜೀವಂತವಾಗಿಯೇ ಇರುತ್ತದೆ. ಮಲೆನಾಡಿನಲ್ಲಿ ಮನೆಗಳಿರುವ ರೀತಿಯನ್ನು ಕಂಡವರಿಗೆ, ಇದು ಅಪರೂಪದ ಸನ್ನಿವೇಶವೆಂದು ತೋರಲಾರದು.

ಇನ್ನು ಕೆಲವರು, ತಾವು ಜನರೇಟರನ್ನು ಹಚ್ಚುವ ಮುನ್ನ ಮೈನ್ ಸ್ವಿಚ್ಚನ್ನು ತಪ್ಪದೆ ಆರಿಸುವುದಾಗಿ ಹೇಳುತ್ತಾರೆ. ಅವರ ಮಾತನ್ನು ಶಂಕಿಸಬೇಕಾಗಿಲ್ಲ. ಆದರೆ ಅವರು ಊರಿನಲ್ಲಿಲ್ಲದ ದಿನ, ಸಿಡಿಲಿಗೆ ಹೆದರಿದ ಮಗನೋ ಹೊಸದಾಗಿ ಬಂದ ಕೆಲಸದಾಳೋ ಆ ಯಂತ್ರವನ್ನು ಹಚ್ಚುವ ರಾತ್ರಿ, ಈ ನಿಯಮವನ್ನು ನೆನಪಿಟ್ಟುಕೊಳ್ಳುವವರು ಯಾರು? ಮರೆತರೆ ಎರಡು ಕೇಡುಗಳುಂಟು. ಲೈನಿನ ಮೇಲಿನವನಿಗೆ ಒದಗುವ ಕೇಡು ಒಂದು. ಜನರೇಟರು ನಡೆಯುತ್ತಿರುವಾಗಲೇ ಹೊರಗಿನ ಕರೆಂಟು ಬಂದುಬಿಟ್ಟರೆ, ಒಂದಕ್ಕೊಂದು ಮೇಳವಿಲ್ಲದ ಎರಡು ವಿದ್ಯುತ್ತುಗಳು ಸಂಘಟ್ಟಿಸಿ ಯಂತ್ರದ ಸುರುಳಿಗಳು ಸುಟ್ಟು ಬೆಂಕಿಯೇ ಹೊತ್ತಿಕೊಳ್ಳಬಹುದಾದದ್ದು ಮತ್ತೊಂದು. ಆದಕಾರಣ, ತಪ್ಪುವುದಕ್ಕೇ ಅವಕಾಶವಿಲ್ಲದಂತಹ ಒಂದು ಯಾಂತ್ರಿಕ ವ್ಯವಸ್ಥೆ ಬೇಕು. ಚೇಂಜ್‌ಓವರ್ ಸ್ವಿಚ್ಚೇ ಆ ವ್ಯವಸ್ಥೆ.

ವಿದ್ಯುತ್ ಸಾಮಾನಿನ ಯಾವ ಅಂಗಡಿಯಲ್ಲಾದರೂ ದೊರೆಯುವ ಈ ಸ್ವಿಚ್ಚನ್ನು ಹತ್ತಿರದಿಂದ ನೋಡಿದರೆ ಅದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಹೊರಗೆ ಒಂದೇ ಒಂದು ಹಿಡಿ. ಅದಕ್ಕೆ ಒಂದು, ಸೊನ್ನೆ, ಎರಡು ಎಂದು ಮೂರು ಸ್ಥಾನಗಳು. ಒಂದರಲ್ಲಿ ಮನೆಯು ಹೊರಗಿನ ಲೈನಿಗೂ, ಎರಡರಲ್ಲಿ ಜನರೇಟರಿಗೂ ಸೇರಿರುತ್ತದೆ. ನಡುವಣ ಸೊನ್ನೆಯಲ್ಲಿ ಯಾವುದಕ್ಕೂ ಸೇರಿರುವುದಿಲ್ಲ. ಒಳಗಿನ ತಾಮ್ರದ ಅಲಗುಗಳೆಲ್ಲ ಆ ಒಂದೇ ಹಿಡಿಯ ದಂಡಕ್ಕೆ ಬಿಗಿದಿರುವುದರಿಂದ, ಒಂದು ಕಡೆಯ ಸಂಪರ್ಕ ಸಂಪೂರ್ಣವಾಗಿ ಬಿಟ್ಟ ಹೊರತು ಇನ್ನೊಂದು ಕಡೆಯದು ಕೂಡಲಾರದು. ರೈಲಿನ ಹಳಿ ಕವಲೊಡೆಯುವಲ್ಲಿ ಗಾಡಿ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಾಗಲಾರದಷ್ಟೇ ಖಚಿತವಾಗಿ, ಜನರೇಟರೂ ಲೈನೂ ಇಲ್ಲಿ ಪರಸ್ಪರ ಭೇಟಿಯಾಗಲಾರವು. ಎಷ್ಟೇ ಅವಸರದವನಾಗಲಿ, ಹಿಡಿಯನ್ನು ತಿರುಗಿಸದೆ ಮನೆಗೆ ಬೆಳಕನ್ನು ತರಲಾರನು. ತಿರುಗಿಸಿದನೆಂದರೆ ಲೈನು ತಾನಾಗಿ ಬೇರ್ಪಟ್ಟಿರುತ್ತದೆ.

ಇದನ್ನು ಕೂಡಿಸುವ ಸ್ಥಾನ, ಮೀಟರು ಮತ್ತು ಮೈನ್ ಸ್ವಿಚ್ಚುಗಳ ನಂತರ, ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ಮೊದಲು. ಸಿಂಗಲ್ ಫೇಸ್ ಮನೆಗೆ ಎರಡು ಪೋಲಿನದು, ತ್ರೀ ಫೇಸ್ ಮನೆಗೆ ನಾಲ್ಕು ಪೋಲಿನದು ಬೇಕು. ಎಂದರೆ ಫೇಸಿನೊಡನೆ ನ್ಯೂಟ್ರಲ್ ಕೂಡ ಬದಲಾಗಬೇಕು. ನ್ಯೂಟ್ರಲ್ಲಿನಲ್ಲಿ ಏನಿದೆ, ಅದು ಹಾಗೆಯೇ ಇರಲಿ ಎನ್ನುವ ಕೆಲಸಗಾರರುಂಟು. ಆ ಮಾತಿಗೆ ಒಪ್ಪಬೇಡಿರಿ: ಮನೆಯೊಳಗೆ ಏನಾದರೂ ದೋಷವುಂಟಾದಾಗ, ಉಳಿದ ಆ ಒಂದು ತಂತಿಯ ಮೂಲಕವೂ ವೋಲ್ಟೇಜು ಕಂಬದವರೆಗೆ ಹೋಗಬಲ್ಲುದು. ಸರಬರಾಜು ಕಡೆಯ ತಂತಿಗೆ, ಸ್ವಿಚ್ಚಿಗೆ ಮೊದಲೇ, ಒಂದು ಪುಟ್ಟ ಸೂಚಕ ದೀಪವನ್ನು ಹಾಕಿಸಿಕೊಂಡರೆ, ಜನರೇಟರು ನಡೆಯುತ್ತಿರುವಾಗಲೂ ಹೊರಗಿನ ಕರೆಂಟು ಬಂದದ್ದು ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇನ್ನೂ ಉತ್ತಮವಾದದ್ದು, ದೀಪ, ಫ್ಯಾನು, ಫ್ರಿಜ್ಜುಗಳಂತಹ ಅಗತ್ಯದ ಸರ್ಕಿಟ್ಟುಗಳನ್ನಷ್ಟೇ, ಅವುಗಳ ನ್ಯೂಟ್ರಲ್ಲಿನ ಸಮೇತ, ಪ್ರತ್ಯೇಕವಾದ ಒಂದು ಚಿಕ್ಕ ಬೋರ್ಡಿಗೆ ತಂದು, ಚೇಂಜ್‌ಓವರನ್ನು ಅದಕ್ಕೆ ಮಾತ್ರ ಕೊಡುವುದು. ಆಗ ಯಾರಾದರೂ ಮರೆತು ಗೀಸರನ್ನು ಹಚ್ಚಿದರೂ ಅದು ಜನರೇಟರಿನ ಮೇಲೆ ಬೀಳುವುದಿಲ್ಲ.

ಭಾರದ ಲೆಕ್ಕ ಸರಳ. 3 ಕೆ.ವಿ.ಎ. ಜನರೇಟರಿನಿಂದ, ಪವರ್ ಫ್ಯಾಕ್ಟರನ್ನು 0.8 ಎಂದು ಹಿಡಿದರೆ, ಸುಮಾರು 2,400 ವ್ಯಾಟು ದೊರೆಯುತ್ತದೆ. 9 ವ್ಯಾಟಿನ ಹತ್ತು ಎಲ್‌ಇಡಿ ದೀಪಗಳು, ನಾಲ್ಕು ಫ್ಯಾನುಗಳು, ಒಂದು ಫ್ರಿಜ್ಜು, ಒಂದು ಟೆಲಿವಿಷನ್ನು, ನಡುವೆ ಸ್ವಲ್ಪ ಹೊತ್ತು ಮಿಕ್ಸಿ, ಇಷ್ಟೂ ಸೇರಿ 1,500 ವ್ಯಾಟಿನೊಳಗೆ ಮುಗಿಯುತ್ತವೆ. ಗೀಸರೊಂದೇ 2,000ದಿಂದ 3,000 ವ್ಯಾಟು ಬೇಡುತ್ತದೆ, ಅದು ಕೂಡದು. ಮೋಟಾರುಗಳು ಹೊರಡುವ ಕ್ಷಣದಲ್ಲಿ ನಡೆಯುವಾಗಿನ ಹಲವು ಪಟ್ಟು ಕರೆಂಟನ್ನು ಎಳೆಯುವುದರಿಂದ, ಬಾವಿಯ ಪಂಪನ್ನು ನಡೆಸಬೇಕೆನ್ನುವವರು ಯಂತ್ರವನ್ನು ಆರಿಸುವಾಗಲೇ ಆ ಮಾತನ್ನು ಎತ್ತಬೇಕು. ಜನರೇಟರಿನಿಂದ ಬರುವ ವೈರು ತಾಮ್ರದ್ದಾಗಿ, ದೂರಕ್ಕೆ ತಕ್ಕಷ್ಟು ದಪ್ಪವಾಗಿ, ತನ್ನದೇ ಆದ ಎಂ.ಸಿ.ಬಿ.ಯಿಂದ ರಕ್ಷಿತವಾಗಿರಬೇಕು.

ಅರ್ಥಿಂಗಿನ ವಿಚಾರದಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ, ಏಕೆಂದರೆ ಬಲ್ಲವರೂ ಇಲ್ಲಿ ಎಡವುತ್ತಾರೆ. ಅನೇಕ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ಲು ಯಂತ್ರದ ಮೈಗಾಗಲಿ ಭೂಮಿಗಾಗಲಿ ಸೇರಿರುವುದಿಲ್ಲ. ಅಂಥ ಯಂತ್ರದಿಂದ ಮನೆ ನಡೆಯುವಾಗ, ಷಾಕಿನಿಂದ ನಮ್ಮನ್ನು ಕಾಯಲೆಂದು ಬೋರ್ಡಿನಲ್ಲಿ ಹಾಕಿಸಿಕೊಂಡ ಆರ್.ಸಿ.ಸಿ.ಬಿ.ಯು, ಭೂಮಿಗೆ ಸೋರಿದ ಕರೆಂಟು ಮರಳಿ ಯಂತ್ರವನ್ನು ಸೇರುವ ದಾರಿಯೇ ಇಲ್ಲದ ಕಾರಣ, ಬೀಳಬೇಕಾದಾಗ ಬೀಳದೆ ಹೋಗಬಹುದು. ಅದರ ಟೆಸ್ಟ್ ಗುಂಡಿಯನ್ನು ಒತ್ತಿದರೆ ಅದು ಬೀಳುತ್ತದೆ. ಇದರಿಂದ ಸಮಾಧಾನಪಡುವಂತಿಲ್ಲ, ಏಕೆಂದರೆ ಆ ಗುಂಡಿಯು ಉಪಕರಣವನ್ನು ಪರೀಕ್ಷಿಸುತ್ತದೆಯೇ ಹೊರತು ಭೂಮಿಯ ಸಂಪರ್ಕವನ್ನಲ್ಲ. ಆದುದರಿಂದ ಜನರೇಟರಿನ ಮೈಗೆ ಒಳ್ಳೆಯ ಅರ್ಥ್ ಕೊಡಿಸಿ, ತಯಾರಕರ ಕೈಪಿಡಿ ಒಪ್ಪುವುದಾದರೆ ಅದರ ನ್ಯೂಟ್ರಲ್ಲನ್ನೂ ಯಂತ್ರದ ಬಳಿಯೇ ಭೂಮಿಗೆ ಸೇರಿಸಲು ಎಲೆಕ್ಟ್ರಿಷಿಯನ್ನನಿಗೆ ಹೇಳಿರಿ.

ಹೊಗೆಯ ಮಾತು ಚಿಕ್ಕದು, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಚ್ಚರಿಸದೆಯೇ ಅದು ಕೊಲ್ಲುತ್ತದೆ. ಮಳೆಗೆ ನೆನೆಯುತ್ತದೆಂದು ಜನರೇಟರನ್ನು ಜಗಲಿಗೋ ಉಗ್ರಾಣಕ್ಕೋ ಎಳೆದು ತರುವುದು ಸಲ್ಲದು. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ನಾಲ್ಕು ಕಡೆಗೂ ಗಾಳಿಯಾಡುವಂತೆ ತಗಡಿನ ಮಾಡನ್ನು ಮಾತ್ರ ಹಾಕಿಸಿ, ಹೊಗೆಯ ಬಾಯಿ ಕಿಟಕಿಗಳಿಗೆ ವಿಮುಖವಾಗಿರುವಂತೆ ನಿಲ್ಲಿಸಬೇಕು. ಯಂತ್ರ ಬಿಸಿಯಾಗಿರುವಾಗ ಪೆಟ್ರೋಲು ಸುರಿಯಕೂಡದು.

ನಡೆಸುವ ಕ್ರಮ ಹೀಗೆ. ಕರೆಂಟು ಹೋದೊಡನೆ ಹಿಡಿಯನ್ನು ಸೊನ್ನೆಗೆ ತಂದು, ಮನೆಯ ಎಂ.ಸಿ.ಬಿ.ಗಳನ್ನೆಲ್ಲ ಇಳಿಸಿರಿ; ಜನರೇಟರನ್ನು ಹಚ್ಚಿ, ಅದರ ಸದ್ದು ಒಂದೇ ಸಮನಾಗುವವರೆಗೆ ಒಂದೆರಡು ನಿಮಿಷ ಕಾಯಿರಿ; ಅನಂತರ ಹಿಡಿಯನ್ನು ಎರಡಕ್ಕೆ ತಿರುಗಿಸಿ, ಭಾರಗಳನ್ನು ಒಂದೊಂದಾಗಿ ಏರಿಸಿರಿ. ಸೂಚಕ ದೀಪ ಬೆಳಗಿತೆಂದರೆ ಇದೇ ಕ್ರಮವನ್ನು ಹಿಂದುಮುಂದಾಗಿ ನಡೆಸಿ, ಯಂತ್ರವನ್ನು ಕೆಲವು ನಿಮಿಷ ಭಾರವಿಲ್ಲದೆ ಓಡಿಸಿ ತಣಿಸಿ ನಿಲ್ಲಿಸಿರಿ.

ಈ ಕೆಲಸವನ್ನೆಲ್ಲ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರನಿಂದಲೇ ಮಾಡಿಸಬೇಕು. ಮನೆಯಲ್ಲಿ ಜನರೇಟರು ಇದೆಯೆಂಬುದನ್ನು ನಿಮ್ಮ ಪ್ರದೇಶದ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೂ ತಿಳಿಸಬೇಕು. ಕೆಲಸ ಮುಗಿದ ದಿನ, ಕಂಪನಿಯ ಸಿಬ್ಬಂದಿಯಿಂದ ಮೀಟರ್ ಬೋರ್ಡಿನ ಕಟ್‌ಔಟನ್ನು ತೆಗೆಸಿ, ಜನರೇಟರನ್ನು ಹಚ್ಚಿಸಿ, ಹಿಡಿಯನ್ನು ಎರಡರ ಸ್ಥಾನದಲ್ಲಿಡಿಸಿರಿ. ಬಳಿಕ ಗುತ್ತಿಗೆದಾರನು ನಿಮ್ಮೆದುರಿಗೇ ತನ್ನ ಟೆಸ್ಟ್ ಲ್ಯಾಂಪನ್ನು ಸ್ವಿಚ್ಚಿನ ಸರಬರಾಜು ಕಡೆಯ ಟರ್ಮಿನಲ್ಲುಗಳಿಗೆ, ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಒಮ್ಮೆ, ಎರಡಕ್ಕೂ ಭೂಮಿಗೂ ನಡುವೆ ಪ್ರತ್ಯೇಕವಾಗಿ ಒಮ್ಮೊಮ್ಮೆ ಮುಟ್ಟಿಸಿ ತೋರಿಸಲಿ. ಮೂರು ಸಲವೂ ಆ ದೀಪ ಉರಿಯದಿದ್ದರೆ ಮಾತ್ರ ಕೂಲಿಯನ್ನು ಸಲ್ಲಿಸಿರಿ.