ಗಾಂಜಾ ಸಂಶೋಧನೆ ನಮ್ಮ ಮೈಯ ಬಗ್ಗೆ ಹೇಳಿದ್ದು

ಗಾಂಜಾ ಸೇದಿದವರಿಗೆ ಹಸಿವು ಕೆರಳುತ್ತದೆ, ಹೊತ್ತು ಹೋಗದಂತೆ ತೋರುತ್ತದೆ, ಆಗಷ್ಟೇ ಕೇಳಿದ್ದು ಮರೆತುಹೋಗುತ್ತದೆ. ಇದನ್ನು ಜನ ಬಹುಕಾಲದಿಂದ ಬಲ್ಲರು. ಕಾರಣ ಮಾತ್ರ ತಿಳಿದಿರಲಿಲ್ಲ. 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಂ ಮತ್ತು ಯೆಹಿಯೆಲ್ ಗಾವೋನಿ ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ತಿಳಿಸಿದರು. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ನರಕೋಶದ ಪೊರೆಯನ್ನೇ ಕದಡುತ್ತದೆಂದು ಹಲವರು ಎಣಿಸಿದ್ದರು. ಆದರೆ 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಟಿಎಚ್‌ಸಿ ಬಂದು ಕೂರುವ ನಿರ್ದಿಷ್ಟ ಗ್ರಾಹಕವಿರುವುದನ್ನು ತೋರಿಸಿಕೊಟ್ಟರು. ಎಲ್ಲೋ ಬೆಳೆಯುವ ಗಿಡಕ್ಕಾಗಿ ಮಿದುಳು ಗ್ರಾಹಕ ಇಟ್ಟುಕೊಂಡಿರಲಾರದು. ಅಲ್ಲಿ ಕೂರುವ ದೇಹದ್ದೇ ವಸ್ತು ಇರಬೇಕಲ್ಲವೇ? 1992ರಲ್ಲಿ ಡಿವೇನ್, ಲುಮೀರ್ ಹಾನುಷ್ ಮತ್ತು ಮೆಶುಲಂ ಹಂದಿಯ ಮಿದುಳಿನಲ್ಲಿ ಅದನ್ನು ಕಂಡುಹಿಡಿದು ‘ಆನಂದಮೈಡ್’ ಎಂದು ಹೆಸರಿಟ್ಟರು. ಈ ಗ್ರಾಹಕಗಳು, ದೇಹದ ಇಂಥ ವಸ್ತುಗಳು, ಅವನ್ನು ಒಡೆಯುವ ಕಿಣ್ವಗಳು ಸೇರಿದ್ದೇ ಎಂಡೋಕ್ಯಾನಬಿನಾಯ್ಡ್ ವ್ಯವಸ್ಥೆ.

‘ಮೈಯೇ ತಯಾರಿಸಿಕೊಳ್ಳುವಾಗ ಗಿಡದ್ದು ಸೇದಿದರೆ ತಪ್ಪೇನು?’ ಬೆಂಗಳೂರಿನ ಪೀಣ್ಯದಿಂದ ಮಾದನಾಯಕನಹಳ್ಳಿಯವರೆಗೆ ರಾತ್ರಿಪಾಳಿ ದುಡಿದು ದಣಿಯುವ ಹುಡುಗರಿಗೆ ಈ ವಾದ ಸುಲಭವಾಗಿ ಹಿಡಿಸಬಹುದು. ಅದಕ್ಕೆ ಉತ್ತರ 2001ರ ಸಂಶೋಧನೆಗಳಲ್ಲಿದೆ. ಸಂದೇಶ ಮಿತಿಮೀರಿದಾಗ ಅದನ್ನು ಪಡೆಯುವ ನರಕೋಶವೇ ಇಂಥ ವಸ್ತುವನ್ನು ಆ ಕ್ಷಣಕ್ಕೆ ತಯಾರಿಸಿ, ಕಳಿಸಿದ ಕೋಶಕ್ಕೆ ‘ಸಾಕು, ತಗ್ಗಿಸು’ ಎಂದು ಹಿಂದಕ್ಕೆ ಹೇಳಿಕಳಿಸುತ್ತದೆ. ಕೆಲಸ ಮುಗಿದೊಡನೆ ಕಿಣ್ವಗಳು ಅದನ್ನು ಒಡೆದುಹಾಕುತ್ತವೆ. ಬೇಕಾದ ಜಾಗದಲ್ಲಿ, ಬೇಕಾದಷ್ಟೇ ಹೊತ್ತು: ಇದೇ ಈ ವ್ಯವಸ್ಥೆಯ ಜೀವಾಳ. ಟಿಎಚ್‌ಸಿಗೆ ಆ ವಿವೇಚನೆಯಿಲ್ಲ. ಅದು ನೆನಪಿನ, ಹಸಿವಿನ, ಚಲನೆಯ ಕೇಂದ್ರಗಳನ್ನೆಲ್ಲ ಒಟ್ಟಿಗೆ ಮುಟ್ಟಿ ಗಂಟೆಗಟ್ಟಲೆ ಉಳಿಯುತ್ತದೆ. ಇನ್ನೂ ಬೆಳೆಯುತ್ತಿರುವ ಹದಿಹರೆಯದ ಮಿದುಳಿಗೆ ಅಪಾಯ ಹೆಚ್ಚು.

ಹಾಗಾದರೆ ಈ ಗ್ರಾಹಕವನ್ನೇ ಮುಚ್ಚಿಬಿಟ್ಟರೆ? ಅದೂ ಆಗಿಹೋಗಿದೆ. ಬೊಜ್ಜು ಇಳಿಸಲು 2006ರಲ್ಲಿ ಯುರೋಪಿಗೆ ಬಂದ ರಿಮೋನಬಾಂಟ್ ಎಂಬ ಮದ್ದು ಮಾಡಿದ್ದು ಅದನ್ನೇ. ಹಸಿವಿನ ಜೊತೆಗೆ ಮನಸ್ಸೂ ಕುಗ್ಗಿತು. ಖಿನ್ನತೆ, ಆತ್ಮಹತ್ಯೆಯ ಯೋಚನೆಗಳು ಕಂಡುಬಂದು 2008ರಲ್ಲಿ ಅಲ್ಲಿನ ಮಾರಾಟ ನಿಂತಿತು, 2009ರಲ್ಲಿ ಭಾರತವೂ ನಿಷೇಧಿಸಿತು. ಗಿಡದಲ್ಲಿ ಔಷಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರ ಅಮಲೇರಿಸದ ಅಂಶವಾದ ಕ್ಯಾನಬಿಡಿಯಾಲ್ ಅನ್ನು ಶುದ್ಧೀಕರಿಸಿ, ಅಪರೂಪದ ಮೂರ್ಛೆರೋಗಗಳಿಗೆ ಕೊಡಲು ಅಮೆರಿಕ 2018ರಲ್ಲಿ ಒಪ್ಪಿತು. ಆದರೆ ಅಳತೆ ಕಟ್ಟಿ, ವೈದ್ಯರ ಕಣ್ಗಾವಲಿನಲ್ಲಿ ಕೊಡುವ ಮದ್ದೇ ಬೇರೆ, ಬೀದಿಯ ಪೊಟ್ಟಣವೇ ಬೇರೆ. ಗಿಡದಿಂದ ಹೊರಟ ಈ ಶೋಧ ಕೊನೆಗೆ ಕಲಿಸಿದ್ದು ದೇಹದ ಹದವನ್ನು ಗೌರವಿಸುವುದನ್ನು. ಆ ಹದ ತಪ್ಪಿದವರು ನಾಚಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅವರನ್ನು ಬೈದು ದೂರವಿಡದೆ ಅಲ್ಲಿಗೆ ಕರೆದೊಯ್ಯುವುದು ನಮ್ಮೆಲ್ಲರ ಹೊಣೆ.